ಮೊಳಕೆಯ ತೂಕ ಮತ್ತು ಬೆಳಕು: ಕಡೂರು, ತರೀಕೆರೆ, ಅಜ್ಜಂಪುರದ ಹೊಲ-ಕೊಟ್ಟಿಗೆಗಳ ಲೆಕ್ಕ

ಒಂದು ಕಿಲೊ ಮೆಕ್ಕೆಜೋಳವನ್ನು ನೆನೆಸಿ, ತಟ್ಟೆಯಲ್ಲಿ ಹರಡಿ, ಏಳೆಂಟು ದಿನ ನೀರು ಚಿಮುಕಿಸುತ್ತ ಬಂದರೆ ಐದರಿಂದ ಆರು ಕಿಲೊ ಹಸಿರು ಮೇವು ದೊರೆಯುತ್ತದೆ. ಅದೇ ಮೇವನ್ನು ನೀರಿನ ಪಸೆ ಉಳಿಯದಂತೆ ಒಣಗಿಸಿ ಮತ್ತೆ ತೂಗಿದರೆ, ಮೊದಲು ಹಾಕಿದ ಜೋಳಕ್ಕಿಂತಲೂ ಕಡಿಮೆ ತೂಗುತ್ತದೆ. ತಕ್ಕಡಿ ಎರಡು ಸಲವೂ ಸುಳ್ಳು ಹೇಳಿಲ್ಲ. ತೂಗಿದ ವಸ್ತು ಮಾತ್ರ ಬೇರೆ ಬೇರೆ. ಮೊದಲನೆಯದು ಹಸಿತೂಕ, ಎರಡನೆಯದು ಒಣತೂಕ. ಮೊಳೆಯುವ ಬೀಜದ ತೂಕದ ಮೇಲೆ ಬೆಳಕು ಬೀರುವ ಪ್ರಭಾವವನ್ನು ಅರಿಯಬೇಕಾದರೆ ಈ ಎರಡನ್ನೂ ಬೇರ್ಪಡಿಸಿ ನೋಡುವುದು ಅನಿವಾರ್ಯ.

ಚಿಕ್ಕಮಗಳೂರು ಜಿಲ್ಲೆಯ ಪೂರ್ವ ಮತ್ತು ಉತ್ತರ ಭಾಗದಲ್ಲಿರುವ ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳಲ್ಲಿ ಇದು ಕೇವಲ ಪಠ್ಯಪುಸ್ತಕದ ಪ್ರಶ್ನೆಯಲ್ಲ. ಹಿಂದೆ ಇಡೀ ಜಿಲ್ಲೆಗೇ ತನ್ನ ಹೆಸರನ್ನು ಕೊಟ್ಟಿದ್ದ ಕಡೂರು ಮಳೆನೆರಳಿನ ಸೀಮೆ. ರಾಗಿ, ಹುರುಳಿ, ತೆಂಗು ಅಲ್ಲಿನ ಆಧಾರ. ತರೀಕೆರೆಯ ಪಶ್ಚಿಮ ಭಾಗ ಮಲೆನಾಡಿನ ಸೆರಗಿನಲ್ಲಿದ್ದು, ಲಕ್ಕವಳ್ಳಿಯ ಭದ್ರಾ ಜಲಾಶಯ ಆ ತಾಲ್ಲೂಕಿನಲ್ಲಿಯೇ ಇದೆ. ಅಡಿಕೆ ಮತ್ತು ಭತ್ತ ಅಲ್ಲಿನ ಬೆಳೆ. ಮೊದಲು ತರೀಕೆರೆಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರ ಈರುಳ್ಳಿ, ಕಡಲೆಗಳ ಕಪ್ಪು ನೆಲಕ್ಕೂ, ಅಮೃತ ಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರಕ್ಕೂ ಹೆಸರಾಗಿದೆ. ಬೀಜ ಮೊಳೆಯಿಸುವ ಕೆಲಸ ಇಲ್ಲಿ ಅಡುಗೆಮನೆ, ಸಸಿಮಡಿ, ಅಡಿಕೆ ನರ್ಸರಿ, ದನದ ಕೊಟ್ಟಿಗೆ, ಈ ನಾಲ್ಕೂ ಕಡೆ ನಡೆಯುತ್ತದೆ. ನಾಲ್ಕರಲ್ಲಿಯೂ ಬೆಳಕಿನ ಪಾತ್ರ ಒಂದೇ ತೆರನಾಗಿಲ್ಲ.

ಮೊದಲ ಏರಿಕೆ ನೀರಿನದು

ಹುರುಳಿಯನ್ನು ರಾತ್ರಿ ನೀರಿಗೆ ಹಾಕಿ ಬೆಳಗ್ಗೆ ಬಸಿದರೆ ಕಾಳು ಉಬ್ಬಿ ತೂಕ ಇಮ್ಮಡಿಯ ಸಮೀಪಕ್ಕೆ ಬಂದಿರುತ್ತದೆ. ಇದರಲ್ಲಿ ಜೀವದ ಕೆಲಸ ಬಹಳ ಕಡಿಮೆ. ಒಣಗಿದ ಪಿಷ್ಟ ಮತ್ತು ಪ್ರೋಟೀನ್ ನೀರನ್ನು ಹೀರುವುದರಿಂದ ಆಗುವ ಭೌತಿಕ ಕ್ರಿಯೆ ಇದು. ಸತ್ತ ಬೀಜವೂ ಹೀಗೆಯೇ ಉಬ್ಬುತ್ತದೆ. ನೆನೆಸುವ ಪಾತ್ರೆ ಕಿಟಕಿಯ ಬಳಿ ಇರಲಿ, ಮುಚ್ಚಿದ ಕೋಣೆಯಲ್ಲಿರಲಿ, ಈ ಹಂತದಲ್ಲಿ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣದು. ಆಮೇಲೆ ಕೆಲವು ಗಂಟೆ ತೂಕ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಹೊರಗೆ ಏನೂ ನಡೆಯದಂತೆ ಕಂಡರೂ ಒಳಗೆ ಕಿಣ್ವಗಳು ಎಚ್ಚೆತ್ತು ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲಾರಂಭಿಸಿರುತ್ತವೆ. ಬೇರಿನ ತುದಿ ಸಿಪ್ಪೆಯನ್ನು ಸೀಳಿದ ನಂತರ ಹೊಸ ಕೋಶಗಳು ಮತ್ತೆ ನೀರು ಎಳೆದುಕೊಂಡು ಹಸಿತೂಕ ಎರಡನೆಯ ಬಾರಿ ಏರುತ್ತದೆ.

ಈ ಎರಡನೆಯ ಏರಿಕೆಯಲ್ಲಿ ಬೆಳಕು ಮೊದಲ ಬಾರಿಗೆ ಲೆಕ್ಕಕ್ಕೆ ಬರುತ್ತದೆ. ಅದೂ ತಿರುವುಮುರುವಾಗಿ! ಕತ್ತಲೆಯಲ್ಲಿಟ್ಟ ಮೊಳಕೆ ಬೆಳಕನ್ನು ಅರಸಿ ಉದ್ದುದ್ದ ಬೆಳೆಯುತ್ತದೆ. ಅದರ ಕಾಂಡದ ಕೋಶಗಳು ನೀರು ತುಂಬಿಕೊಂಡು ಹಿಗ್ಗುತ್ತವೆ. ಬೆಳಕಿನಲ್ಲಿರುವ ಮೊಳಕೆ ಗಿಡ್ಡಗೆ, ಗಟ್ಟಿಯಾಗಿ, ಹಸಿರಾಗಿ ನಿಲ್ಲುತ್ತದೆ. ಆದ್ದರಿಂದ ಮೊದಲ ನಾಲ್ಕೈದು ದಿನಗಳಲ್ಲಿ ಹಸಿಯಾಗಿ ತೂಗಿದರೆ ಅನೇಕ ಕಾಳುಗಳಲ್ಲಿ ಕತ್ತಲೆಯ ಮೊಳಕೆಯೇ ಹೆಚ್ಚು ಭಾರವಿರುವುದುಂಟು. ಶಾಲಾ ವಿಜ್ಞಾನ ಪ್ರದರ್ಶನಗಳಲ್ಲಿ 'ಬೆಳಕಿಲ್ಲದೆಯೂ ಗಿಡ ಚೆನ್ನಾಗಿ ಬೆಳೆಯುತ್ತದೆ' ಎಂಬ ತೀರ್ಮಾನಕ್ಕೆ ಮಕ್ಕಳು ಬರುವುದು ಈ ಕಾರಣದಿಂದಲೇ. ಅವರು ತೂಗಿದ್ದು ನೀರನ್ನು.

ಬೀಜ ಉಸಿರಾಡುತ್ತದೆ, ಕರಗುತ್ತದೆ

ಭದ್ರಾ ನೀರಿನ ಗದ್ದೆಗಳಿಗೆ ಸಸಿಮಡಿ ಮಾಡುವ ರೈತರು ಬಿತ್ತನೆ ಭತ್ತವನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಬಸಿದು, ಗೋಣಿಚೀಲದಲ್ಲಿ ಕಟ್ಟಿ ಮತ್ತೆ ಒಂದು ಒಂದೂವರೆ ದಿನ ಬಿಡುತ್ತಾರೆ. ಎರಡನೆಯ ದಿನ ಚೀಲದೊಳಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಆ ಬಿಸಿ ಹೊರಗಿನಿಂದ ಬಂದುದಲ್ಲ. ಮೊಳೆಯುತ್ತಿರುವ ಕಾಳು ತನ್ನೊಳಗಿನ ಸಕ್ಕರೆಯನ್ನು ಉರಿಸುತ್ತಿರುವುದರ ಕುರುಹು ಅದು. 180 ಗ್ರಾಂ ಗ್ಲುಕೋಸ್ ಉಸಿರಾಟದಲ್ಲಿ ವ್ಯಯವಾದರೆ 264 ಗ್ರಾಂ ಇಂಗಾಲದ ಡೈ ಆಕ್ಸೈಡ್ ಮತ್ತು 108 ಗ್ರಾಂ ನೀರು ಉಂಟಾಗುತ್ತವೆ. ಅನಿಲ ಗಾಳಿಗೆ ಸೇರುತ್ತದೆ. ಒಣಗಿಸಿದಾಗ ನೀರೂ ಹೋಗುತ್ತದೆ. ಉಳಿದ ಕಾಳು ಅಷ್ಟರಮಟ್ಟಿಗೆ ಹಗುರವಾಗಿರುತ್ತದೆ.

ಒಣಗಿದ ಧಾನ್ಯವೂ ಅತಿ ನಿಧಾನವಾಗಿ ಉಸಿರಾಡುತ್ತಿರುತ್ತದೆ ಎಂಬುದನ್ನು ಹಳೆಯ ಮೈಸೂರು ಸೀಮೆಯ ರೈತರು ಬಲ್ಲವರಾಗಿದ್ದರು. ರಾಗಿ ತುಂಬಿದ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಮುಚ್ಚಿದ ಹಗೇವಿನೊಳಗೆ ಶೇಖರವಾಗುವ ಇಂಗಾಲದ ಡೈ ಆಕ್ಸೈಡ್‌ ಪ್ರಾಣಕ್ಕೆ ಎರವಾಗುವಂಥದು.

ಮೊಳಕೆಯ ಒಣತೂಕದ ಕಥೆ ಹೀಗೆ ಇಳಿಕೆಯಿಂದ ಆರಂಭವಾಗುತ್ತದೆ. ಬೆಳಕಿದ್ದರೂ ಇಳಿಕೆಯೇ, ಇಲ್ಲದಿದ್ದರೂ ಇಳಿಕೆಯೇ. ತಾಪಮಾನ ಹತ್ತು ಡಿಗ್ರಿ ಏರಿದರೆ ಉಸಿರಾಟದ ವೇಗ ಸುಮಾರು ಇಮ್ಮಡಿಯಾಗುವುದರಿಂದ ಬೇಸಿಗೆಯಲ್ಲಿ ನಷ್ಟ ಹೆಚ್ಚು. ಇದಕ್ಕೆ ಒಂದು ಕುತೂಹಲಕರ ಅಪವಾದವಿದೆ. ಹರಳು, ಸೂರ್ಯಕಾಂತಿಯಂಥ ಎಣ್ಣೆಬೀಜಗಳಲ್ಲಿ ಕೊಬ್ಬು ಸಕ್ಕರೆಯಾಗಿ ಮಾರ್ಪಡುವಾಗ ಗಾಳಿಯ ಆಮ್ಲಜನಕ ಆ ಸಕ್ಕರೆಯಲ್ಲಿ ಸೇರಿಕೊಳ್ಳುತ್ತದೆ. ಇದರಿಂದ ಮೊದಲಲ್ಲಿ ಒಣತೂಕ ಕೊಂಚ ಏರುವುದೂ ಉಂಟು. ಬೆಳಕಿಗೆ ಇದರಲ್ಲಿ ಪಾತ್ರವಿಲ್ಲ. ಏರಿಕೆಯೂ ಹೆಚ್ಚು ಕಾಲ ನಿಲ್ಲುವುದಿಲ್ಲ.

ಬೆಳಕು ತರುವ ತಿರುವು

ಗಿಡದ ತೂಕ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ತಕ್ಕಡಿ ಹಿಡಿದು ಕೇಳಿದವರಲ್ಲಿ ಫ್ಲಾಂಡರ್ಸ್‌ನ ವಾನ್ ಹೆಲ್ಮಾಂಟ್ ಪ್ರಮುಖ. ಒಣಗಿಸಿದ 200 ಪೌಂಡ್ ಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿಯನ್ನು ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿ ಬೆಳೆಸಿದಾಗ ಮರ 169 ಪೌಂಡಿಗಿಂತ ಹೆಚ್ಚು ತೂಗಿತು. ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸ್ ಮಾತ್ರ. ಮರವೆಲ್ಲ ನೀರಿನಿಂದಲೇ ಆಯಿತೆಂದು ಆತ ಬಗೆದ. ಆತನ ಮರಣಾನಂತರ 1648ರಲ್ಲಿ ಈ ವರದಿ ಪ್ರಕಟವಾಯಿತು. ಹಸಿರು ಭಾಗಗಳು ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತವೆ, ಕತ್ತಲೆಯಲ್ಲಿ ಕೆಡಿಸುತ್ತವೆ ಎಂಬುದನ್ನು 1779ರಲ್ಲಿ ಯಾನ್ ಇಂಗೆನ್‌ಹೌಸ್ ತೋರಿಸಿದ. 1804ರಲ್ಲಿ ಜಿನೀವಾದ ಡಿ ಸಾಸ್ಯೂರ್ ಅಳತೆಗಳ ಮೂಲಕ, ಗಿಡದ ತೂಕ ಗಾಳಿಯ ಇಂಗಾಲದಿಂದಲೂ ನೀರಿನಿಂದಲೂ ಕೂಡಿಬರುತ್ತದೆಂದು ಸ್ಥಾಪಿಸಿದ.

ಬೆಳಕು ತಾನಾಗಿ ಗಿಡಕ್ಕೆ ತೂಕವನ್ನು ಸೇರಿಸುವುದಿಲ್ಲ. ಗಾಳಿಯಲ್ಲಿರುವ ಇಂಗಾಲವನ್ನು ಹಿಡಿದು ನೀರಿನೊಡನೆ ಬೆಸೆಯಲು ಬೇಕಾದ ಶಕ್ತಿಯನ್ನು ಅದು ಒದಗಿಸುತ್ತದೆ. ಈ ಬೆಸುಗೆ ನಡೆಯಬೇಕಾದರೆ ಪತ್ರಹರಿತ್ತು ಬೇಕು. ಪತ್ರಹರಿತ್ತು ಮೂಡಲು ಮೊಳಕೆ ಮೊದಲು ಬೆಳಕಿಗೆ ಬರಬೇಕು. ಆದ್ದರಿಂದ ಮೊಳಕೆಯ ಮೊದಲ ದಿನಗಳ ಖರ್ಚನ್ನೆಲ್ಲ ಬೀಜ ತಾನು ಕಟ್ಟಿಕೊಂಡು ಬಂದ ಬುತ್ತಿಯಿಂದಲೇ ನೀಗಿಸುತ್ತದೆ. ಎಲೆ ಬಿಚ್ಚಿ ಹಸಿರಾದ ಮೇಲೆ ಸಂಪಾದನೆ ಶುರುವಾಗುತ್ತದೆ. ಸಂಪಾದನೆ ಖರ್ಚಿಗೆ ಸಮನಾದ ದಿನ ಒಣತೂಕದ ಇಳಿಕೆ ನಿಲ್ಲುತ್ತದೆ. ಅನಂತರ ಏರಿಕೆ. ಹೊಲದ ಕಾಳುಗಳಲ್ಲಿ ಈ ತಿರುವು ಸಾಮಾನ್ಯವಾಗಿ ಬಿತ್ತಿದ ಒಂದು ವಾರದಿಂದ ಹತ್ತು ದಿನಗಳ ಆಸುಪಾಸಿನಲ್ಲಿ ಬರುತ್ತದೆ. ಹಾಕಿದ ಬೀಜದ ತೂಕಕ್ಕೆ ಮರಳಲು ಇನ್ನೂ ಕೆಲವು ದಿನ ಬೇಕು. ಕತ್ತಲೆಯಲ್ಲಿಯೇ ಉಳಿದ ಮೊಳಕೆಗೆ ಈ ತಿರುವು ಎಂದಿಗೂ ಬಾರದು. ಅದು ಬುತ್ತಿ ಮುಗಿಯುವವರೆಗೆ ಉದ್ದ ಬೆಳೆದು, ಒಣತೂಕದ ಅರ್ಧದಷ್ಟನ್ನು ಕಳೆದುಕೊಂಡು ಬಾಡಿಬಿಡಬಹುದು.

ನವರಾತ್ರಿಯಲ್ಲಿ ಘಟ ಸ್ಥಾಪಿಸುವ ಮನೆಗಳಲ್ಲಿ, ದೇವಾಲಯಗಳ ಉತ್ಸವಕ್ಕೆ ಮುನ್ನ ನಡೆಯುವ ಅಂಕುರಾರ್ಪಣೆಯ ಪಾಲಿಕೆಗಳಲ್ಲಿ ಈ ದೃಶ್ಯ ಎಲ್ಲರಿಗೂ ಪರಿಚಿತ. ದೇವರ ಕೋಣೆಯ ಮಬ್ಬಿನಲ್ಲಿ ಎದ್ದ ನವಧಾನ್ಯದ ಸಸಿ ಹೊಂಬಣ್ಣದ್ದಾಗಿ, ನೀಳವಾಗಿ, ಮುಟ್ಟಿದರೆ ಮುರಿಯುವಷ್ಟು ಎಳಸಾಗಿರುತ್ತದೆ. ಆ ಚೆಲುವಾದ ಹೊಂಬಣ್ಣ ಪತ್ರಹರಿತ್ತು ಇಲ್ಲದಿರುವುದರ ಫಲ. ಅದೇ ಪಾತ್ರೆಯನ್ನು ಒಂದು ದಿನ ಅಂಗಳದಲ್ಲಿಟ್ಟರೆ ಹಸಿರು ತಿರುಗುತ್ತದೆ.

ಎಷ್ಟು ಬೆಳಕು ಸಾಕು ಎಂಬುದೂ ಮುಖ್ಯ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್‌ನಷ್ಟಿದ್ದರೆ ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಕೋಣೆಯ ಬೆಳಕು ಮೊಳಕೆಯನ್ನು ಹಸಿರಾಗಿಸಲು ಸಾಕಾಗುತ್ತದೆ. ಅದರ ಖರ್ಚನ್ನು ತುಂಬಿಕೊಡಲು ಸಾಮಾನ್ಯವಾಗಿ ಸಾಲದು. ಹಸಿರು ಕಂಡಾಕ್ಷಣ ತೂಕ ಬೆಳೆಯುತ್ತಿದೆ ಎಂದು ತಿಳಿಯುವುದು ತಪ್ಪು ಎಂಬ ಮಾತನ್ನು ಮುಂದೆ ಮೇವಿನ ಸಂದರ್ಭದಲ್ಲಿ ನೆನೆಯಬೇಕಾಗುತ್ತದೆ.

ದೊಡ್ಡ ಬುತ್ತಿ, ಸಣ್ಣ ಬುತ್ತಿ

ಸಾವಿರ ರಾಗಿ ಕಾಳು ಎರಡೂವರೆಯಿಂದ ಮೂರು ಗ್ರಾಂ ತೂಗಿದರೆ, ಸಾವಿರ ಮೆಕ್ಕೆಜೋಳದ ಕಾಳು 250ರಿಂದ 300 ಗ್ರಾಂ ತೂಗುತ್ತದೆ. ನೂರು ಪಟ್ಟು ಅಂತರ. ರಾಗಿಯನ್ನು ಮೇಲುಮೇಲೆ ಬಿತ್ತಿ, ಜೋಳವನ್ನು ಆಳದಲ್ಲಿ ಊರುವ ರೂಢಿಯ ಹಿಂದೆ ಈ ಲೆಕ್ಕವಿದೆ. ಸಣ್ಣ ಬುತ್ತಿಯ ಬೀಜ ಬೆಳಕನ್ನು ಬೇಗ ಮುಟ್ಟದಿದ್ದರೆ ಮಣ್ಣಿನೊಳಗೇ ಬರಿದಾಗುತ್ತದೆ. ಬಿತ್ತನೆಗೆ ಮುನ್ನ ಭತ್ತವನ್ನು ಉಪ್ಪುನೀರಿನಲ್ಲಿ ಹಾಕಿ ತೇಲಿದ ಜೊಳ್ಳನ್ನು ತೆಗೆಯುವುದೂ ಭಾರದ ಬೀಜವನ್ನು, ಅಂದರೆ ತುಂಬಿದ ಬುತ್ತಿಯನ್ನು ಆರಿಸಿಕೊಳ್ಳುವ ಉಪಾಯವೇ.

ಇನ್ನೂ ಸಣ್ಣ ಬೀಜಗಳು, ಅದರಲ್ಲೂ ಅನೇಕ ಕಳೆಗಳ ಬೀಜಗಳು, ಬೆಳಕು ಬಿದ್ದ ಹೊರತು ಮೊಳೆಯುವುದೇ ಇಲ್ಲ. ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಾರ್ಥ್‌ವಿಕ್, ಹೆಂಡ್ರಿಕ್ಸ್ ಮತ್ತು ಸಹೋದ್ಯೋಗಿಗಳು ಲೆಟ್ಯೂಸ್ ಸೊಪ್ಪಿನ ಬೀಜದ ಮೇಲೆ ನಡೆಸಿದ ಪ್ರಯೋಗ 1952ರಲ್ಲಿ ಪ್ರಕಟವಾಯಿತು. ಕೆಂಪು ಬೆಳಕು ಬೀಜವನ್ನು ಎಚ್ಚರಿಸುತ್ತದೆ, ಕೆಂಪಿನಾಚೆಯ, ಕಣ್ಣಿಗೆ ಕಂಡೂ ಕಾಣದ ದೂರಗೆಂಪು ಬೆಳಕು ಮತ್ತೆ ಮಲಗಿಸುತ್ತದೆ. ಒಂದಾದ ಮೇಲೊಂದರಂತೆ ಎಷ್ಟು ಬಾರಿ ಕೊಟ್ಟರೂ ಕೊನೆಯದೇ ಮಾತು ನಡೆಯುತ್ತದೆ ಎಂದು ಅದು ತೋರಿಸಿತು. ಇದಕ್ಕೆ ಕಾರಣವಾದ ವರ್ಣದ್ರವ್ಯವನ್ನು 1959ರಲ್ಲಿ ಗುರುತಿಸಲಾಯಿತು. ಫೈಟೊಕ್ರೋಮ್ ಎಂಬುದು ಅದರ ಹೆಸರು. ಬೆಳೆದು ನಿಂತ ಎಲೆಗಳ ನೆರಳಿನಲ್ಲಿ ದೂರಗೆಂಪು ಹೆಚ್ಚಿರುವುದರಿಂದ ಅಲ್ಲಿ ಕಳೆಬೀಜ ಮಲಗಿಯೇ ಇರುತ್ತದೆ. ನೇಗಿಲು ಮಣ್ಣನ್ನು ಮಗುಚಿ ಒಂದು ಕ್ಷಣ ಬಿಸಿಲು ತೋರಿಸಿದರೆ ಎದ್ದುಬಿಡುತ್ತದೆ. ರಾಗಿ, ಭತ್ತ, ಜೋಳ, ಹುರುಳಿಗೆ ಇಂಥ ಷರತ್ತಿಲ್ಲ. ಅವು ಕತ್ತಲೆಯಲ್ಲಿಯೂ ಮೊಳೆಯುತ್ತವೆ.

ದೊಡ್ಡ ಬುತ್ತಿಯ ತುದಿಯಲ್ಲಿ ಅಡಿಕೆ, ತೆಂಗುಗಳಿವೆ. ಅಡಿಕೆ ಬೀಜಕ್ಕೆ ಪೂರ್ತಿ ಹಣ್ಣಾದ, 35 ಗ್ರಾಂಗಿಂತ ಹೆಚ್ಚು ತೂಗುವ ಗೋಟುಗಳನ್ನು ಆರಿಸಬೇಕೆಂಬುದು ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಕಾಯಿ ಹೆಚ್ಚು ಕಸುವಿನ ಸಸಿ ಕೊಡುತ್ತದೆಂಬುದೂ ಅದೇ ಶಿಫಾರಸಿನ ಭಾಗ. ಮರಳಿನ ಪಾತಿಯಲ್ಲಿ ಊರಿದ ಕಾಯಿ ಮೊಳೆಯಲು ಸುಮಾರು ನಲವತ್ತು ದಿನ ತೆಗೆದುಕೊಳ್ಳುತ್ತದೆ. ಎರಡು ಮೂರು ಎಲೆಯ ಸಸಿಯಾಗಲು ಮೂರು ತಿಂಗಳು. ಇಷ್ಟೂ ಕಾಲ ಅದನ್ನು ಚಪ್ಪರದ ಅರೆನೆರಳಿನಲ್ಲಿಡುತ್ತಾರೆ. ನೆರಳಿನಿಂದ ಸಂಪಾದನೆ ಕಡಿಮೆಯಾಗುವುದಿಲ್ಲವೇ ಎಂದರೆ ಆಗುತ್ತದೆ. ಆದರೆ ಬುತ್ತಿ ದೊಡ್ಡದಿರುವುದರಿಂದ ಅಡಿಕೆ ಸಸಿಗೆ ಆ ಆತುರವಿಲ್ಲ. ನೇರ ಬಿಸಿಲಿಗೆ ಎಲೆ ಸುಟ್ಟುಹೋಗುವುದೇ ಅದಕ್ಕೆ ದೊಡ್ಡ ನಷ್ಟ. ತೆಂಗಿನ ಸಸಿಯಂತೂ ಎಲೆ ಹಸಿರಾಗಿ ದುಡಿಯತೊಡಗಿದ ಮೇಲೆಯೂ ತಿಂಗಳುಗಟ್ಟಲೆ ಕಾಯಿಯೊಳಗಿನ ಕೊಬ್ಬರಿಯನ್ನು ಉಣ್ಣುತ್ತಲೇ ಇರುತ್ತದೆ. ಮೊಳೆತ ಕಾಯಿಯನ್ನು ಒಡೆದಾಗ ಸಿಗುವ ಸಿಹಿಯಾದ ಬಿಳಿ ಉಂಡೆ, ಮಕ್ಕಳು ಜಗಳವಾಡಿ ತಿನ್ನುವ ವಸ್ತು, ಕೊಬ್ಬರಿಯನ್ನು ಹೀರಿ ಸಸಿಗೆ ಸಾಗಿಸುವ ಅಂಗವೇ ಆಗಿದೆ.

ಮಾಲ್ಟ್: ಇಳಿಕೆಯೇ ಬೇಕಾದಲ್ಲಿ

ಮೊಳಕೆ ರಾಗಿಯ ಹಿಟ್ಟಿನಲ್ಲಿ ತೂಕದ ನಷ್ಟ ತಿಳಿದೇ ಮಾಡುವಂಥದು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸುತ್ತಾರೆ. ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟಿಕೊಳ್ಳುವುದರಿಂದ ಈ ಹಿಟ್ಟಿನ ಗಂಜಿ ಗಟ್ಟಿಯಾಗಿ ಕಟ್ಟಿಕೊಳ್ಳದು; ಮಗುವಿಗೆ ಒಂದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು ಉಣಿಸಬಹುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಸಿಕಾಚಾರ್ ಅವರು 1980ರ ದಶಕದಲ್ಲಿ ರಾಗಿ ಮಾಲ್ಟ್ ಕುರಿತು ನಡೆಸಿದ ಅಧ್ಯಯನಗಳು ಈ ಕ್ಷೇತ್ರದಲ್ಲಿ ಪ್ರಸಿದ್ಧ. ಇಲ್ಲಿ ಬೆಳಕು ಬೇಡ. ಬಟ್ಟೆಯ ಗಂಟೇ ಅದಕ್ಕೆ ಕತ್ತಲೆಯ ಕೋಣೆ. ಎಲೆ ಹಸಿರಾಗುವ ಮುನ್ನವೇ ಕೆಲಸ ಮುಗಿದಿರುತ್ತದೆ.

ಮಣ್ಣಿಲ್ಲದ ಮೇವಿನ ಲೆಕ್ಕ

ಬರದ ವರ್ಷಗಳಲ್ಲಿ ಈ ವಿಜ್ಞಾನ ಹಣದ ಮಾತಾಗುತ್ತದೆ. 2023ರಲ್ಲಿ ಸರ್ಕಾರ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಇಂಥ ವರ್ಷಗಳಲ್ಲಿ ಕಡೂರು ಸೀಮೆಯ ಹೈನುಗಾರನಿಗೆ ರಾಗಿ ಹುಲ್ಲಿನ ಬಣವೆ ಕರಗುತ್ತ ಹೋದಂತೆ ಆತಂಕ ಏರುತ್ತದೆ. ಆಗ ಆಕರ್ಷಕವಾಗಿ ಕಾಣುವುದೇ ಹೈಡ್ರೊಪೋನಿಕ್ ಮೇವು. ನೆರಳುಬಲೆಯ ಸಣ್ಣ ಮನೆ, ಅಟ್ಟಣಿಗೆಯಲ್ಲಿ ತಟ್ಟೆಗಳು, ಮೆಕ್ಕೆಜೋಳದ ಬೀಜ, ಚಿಮುಕಿಸಲು ನೀರು. ವಾರ ಕಳೆಯುವುದರೊಳಗೆ ಬೇರು ಹೆಣೆದುಕೊಂಡ ಹಸಿರು ಚಾಪೆ ಸಿದ್ಧ. ಒಂದು ಕಿಲೊ ಹಾಕಿದರೆ ಆರು ಕಿಲೊ ಎಂಬ ಮಾತು ಪ್ರಚಾರದಲ್ಲಿ ಮೊದಲು ಬರುತ್ತದೆ.

ಮಾತು ನಿಜ. ಅರ್ಧ ಮಾತ್ರ ನಿಜ. ಗೋವಾದಲ್ಲಿರುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸಂಶೋಧನಾ ಕೇಂದ್ರದಲ್ಲಿ ಪಿ. ಕೆ. ನಾಯಕ್ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನಗಳಲ್ಲಿ ಮೆಕ್ಕೆಜೋಳದ ಇಂಥ ಮೇವು ಬೀಜದ ಐದಾರು ಪಟ್ಟು ಬರುತ್ತದೆಂದೂ, ಅದರಲ್ಲಿ ಶುಷ್ಕಾಂಶ ಶೇ 11ರಿಂದ 14 ಮಾತ್ರವೆಂದೂ ದಾಖಲಾಗಿದೆ. ಇನ್ನು ಗುಣಾಕಾರ ಮಾಡಿದರೆ ಸಾಕು. ಒಂದು ಕಿಲೊ ಒಣಜೋಳದಲ್ಲಿ ಶುಷ್ಕಾಂಶ 880ರಿಂದ 900 ಗ್ರಾಂ. ಐದೂವರೆ ಕಿಲೊ ಮೇವಿನಲ್ಲಿ, ಶೇ 13ರಂತೆ, ಸುಮಾರು 715 ಗ್ರಾಂ. ಅತ್ಯುತ್ತಮ ಅಂಕಿಗಳನ್ನೇ ಹಿಡಿದು ಆರು ಕಿಲೊ ಮತ್ತು ಶೇ 14 ಎಂದರೂ 840 ಗ್ರಾಂ. ಕನಿಷ್ಠ ಅಂಕಿಗಳಾದರೆ 550 ಗ್ರಾಂ. ಅಂದರೆ ಯಾವ ಲೆಕ್ಕದಲ್ಲಿಯೂ ಹಾಕಿದ್ದು ಮರಳಿ ಬರುವುದಿಲ್ಲ. ಹೆಚ್ಚಿದ್ದು ಕೊಳವೆ ಬಾವಿಯ ನೀರು.

ಇದಕ್ಕೆ ಕಾರಣ ಮೇಲೆ ಹೇಳಿದ ಇಳಿಕೆ ಮತ್ತು ತಿರುವಿನಲ್ಲಿಯೇ ಇದೆ. ಒಣತೂಕ ತನ್ನ ತಳಮಟ್ಟಕ್ಕೆ ಇಳಿದಿರುವ ಏಳೆಂಟನೆಯ ದಿನ, ಎಲೆಗಳು ಆಗಷ್ಟೇ ದುಡಿಯಲು ಸಜ್ಜಾಗಿರುವಾಗ, ತಟ್ಟೆಯನ್ನು ದನದ ಮುಂದಿಡಲಾಗುತ್ತದೆ. ಮುಂಚಿನ ದಿನಗಳನ್ನು ಮೊಳಕೆ ಕಳೆದಿರುವುದು ಮುಚ್ಚಿದ ಚೀಲದಲ್ಲಿ ಮತ್ತು ನೆರಳಿನಲ್ಲಿ. ಅಟ್ಟಣಿಗೆಯ ಕೆಳಸಾಲಿನ ತಟ್ಟೆಗೆ ಬೀಳುವ ಬೆಳಕು ಇನ್ನೂ ಕಡಿಮೆ. ಹಾಗಾದರೆ ಇನ್ನೊಂದು ವಾರ ಬಿಸಿಲಿನಲ್ಲಿ ಬೆಳೆಸಬಾರದೇ? ಬೆಳೆಸಿದರೆ ಒಣತೂಕ ಏರಬೇಕೆಂಬುದು ತತ್ತ್ವದಲ್ಲಿ ಸರಿ. ಆದರೆ ಒತ್ತೊತ್ತಾಗಿ ತುಂಬಿದ ತಟ್ಟೆಯಲ್ಲಿ ಬೂಷ್ಟು ಹಿಡಿಯುತ್ತದೆ. ಮಣ್ಣಿಲ್ಲದ, ಬರಿಯ ನೀರುಂಡ ಮೊಳಕೆಗೆ ಪೋಷಕಾಂಶದ ಕೊರತೆ ಕಾಡುತ್ತದೆ. ಎಲೆ ಹೆಚ್ಚಿದಷ್ಟೂ ನೀರೂ ಹೆಚ್ಚು ಬೇಕು. ಎರಡು ವಾರ ಬಿಸಿಲು, ಮಣ್ಣು, ಗೊಬ್ಬರ ಎಲ್ಲ ಕೊಡುವುದಾದರೆ ಅದು ಹೊಲದ ಮೇವೇ ಆಯಿತಲ್ಲ!

ಪ್ರೋಟೀನ್ ಹೆಚ್ಚುತ್ತದೆ ಎಂಬ ವಾದವನ್ನೂ ಇದೇ ತಕ್ಕಡಿಯಲ್ಲಿಡಬೇಕು. 890 ಗ್ರಾಂ ಶುಷ್ಕಾಂಶದ ಜೋಳದಲ್ಲಿ ಶೇ 9ರಂತೆ ಸುಮಾರು 80 ಗ್ರಾಂ ಪ್ರೋಟೀನ್ ಇರುತ್ತದೆ ಎನ್ನೋಣ. ಉಸಿರಾಟದಲ್ಲಿ ಉರಿದುಹೋಗುವುದು ಮುಖ್ಯವಾಗಿ ಪಿಷ್ಟ. ಶುಷ್ಕಾಂಶ 715 ಗ್ರಾಂಗೆ ಇಳಿದಾಗ ಅದೇ 80 ಗ್ರಾಂ ಶೇ 11ಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಶೇಕಡಾವಾರು ಏರಿದೆ, ಪ್ರೋಟೀನ್ ಏರಿಲ್ಲ. ಬರಿಯ ನೀರಿನಲ್ಲಿ ಬೆಳೆದ ಮೊಳಕೆಗೆ ಸಾರಜನಕವನ್ನು ಹೊಸದಾಗಿ ಯಾರೂ ಕೊಟ್ಟಿರುವುದಿಲ್ಲ.

400 ಕಿಲೊ ತೂಗುವ ಹಸುವಿಗೆ ಮೈತೂಕದ ಶೇ 2.5ರಂತೆ ದಿನಕ್ಕೆ 10 ಕಿಲೊ ಶುಷ್ಕಾಂಶ ಬೇಕು. ಹಸಿರು ಚಾಪೆಯೊಂದರಿಂದಲೇ ಅದನ್ನು ತುಂಬಿಸಲು ದಿನಕ್ಕೆ 77 ಕಿಲೊ ಮೇವು, ಅದಕ್ಕಾಗಿ 14 ಕಿಲೊ ಜೋಳ ಬೇಕಾದೀತು. ಆ 14 ಕಿಲೊ ಜೋಳದಲ್ಲಿಯೇ 12 ಕಿಲೊಗಿಂತ ಹೆಚ್ಚು ಶುಷ್ಕಾಂಶವಿತ್ತು. 10 ಕಿಲೊ ಶುಷ್ಕಾಂಶಕ್ಕೆ ಒಣಗಿದ ರಾಗಿ ಹುಲ್ಲಾದರೆ 11 ಕಿಲೊ ಸುಮಾರು ಸಾಕು. ಹುಲ್ಲಿನಲ್ಲಿ ಕಸುವು ಕಡಿಮೆ, ನಾರು ಹೆಚ್ಚು ಎಂಬುದು ಬೇರೆ ಮಾತು.

ಹಾಗೆಂದು ಇದನ್ನು ನಿಷ್ಪ್ರಯೋಜಕವೆಂದು ತಳ್ಳಿಹಾಕುವಂತಿಲ್ಲ. ಒಂದು ಕಿಲೊ ಹಸಿ ಮೇವಿಗೆ ಎರಡರಿಂದ ಮೂರು ಲೀಟರ್ ನೀರು ಸಾಕು. ಹಸಿರೇ ಕಾಣದ ಬೇಸಿಗೆಯಲ್ಲಿ ಹಸುವಿಗೆ ವಿಟಮಿನ್, ರುಚಿ, ಸುಲಭವಾಗಿ ಜೀರ್ಣವಾಗುವ ಎಳೆಯ ಸೊಪ್ಪು ದೊರೆಯುತ್ತವೆ. ಒಣಹುಲ್ಲಿನ ಜೊತೆಗೆ ದಿನಕ್ಕೆ ಕೆಲವು ಕಿಲೊ ಕೊಡುವವರಿಗೆ ಅದು ಪಲ್ಯದಂತೆ ಒದಗುತ್ತದೆ. ಅದನ್ನೇ ಮುದ್ದೆಯೆಂದು ಭಾವಿಸಿ, ಹಿಂಡಿಯನ್ನೂ ಹುಲ್ಲನ್ನೂ ಕಡಿಮೆ ಮಾಡಿದಾಗ ಹಾಲು ಇಳಿಯುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಹಾಲು ಹಾಸನದ ಒಕ್ಕೂಟಕ್ಕೆ ಹೋಗುತ್ತದೆ. ಡೇರಿಯಲ್ಲಿ ಜಿಡ್ಡಿನ ಅಂಶ ನೋಡಿಯೇ ದರ ಕೊಡುವ ಪದ್ಧತಿಯಿರುವಾಗ, ನಾರು ಕಡಿಮೆಯಾದ ಮೇವಿನ ಪರಿಣಾಮ ನೇರವಾಗಿ ರೈತನ ಬಟವಾಡೆಗೆ ತಟ್ಟುತ್ತದೆ.

ಅಮೃತ ಮಹಲ್ ರಾಸುಗಳು ಈ ಲೆಕ್ಕದ ಇನ್ನೊಂದು ತುದಿಯಲ್ಲಿವೆ. ಮೈಸೂರು ಅರಸರ 'ಬೆಣ್ಣೆ ಚಾವಡಿ'ಯ ಕಾಲದಿಂದ ಕಾವಲುಗಳ ಬಯಲು ಹುಲ್ಲನ್ನು ಮೇದು ಬೆಳೆದ ತಳಿ ಅದು. ಅಜ್ಜಂಪುರದ ಸುತ್ತಲಿನ ಕಾವಲಿನ ಹುಲ್ಲು ಒಂದು ಮಳೆಗೆ ಚಿಗುರಿದರೆ ಮೊದಲ ವಾರ ಅದೂ ಬೇರಿನ ಬುತ್ತಿಯನ್ನೇ ಉಣ್ಣುತ್ತದೆ. ಅನಂತರ ತಿಂಗಳುಗಟ್ಟಲೆ ತೆರೆದ ಬಿಸಿಲು ಅದರ ಪಾಲಿಗೆ ಬೀಳುತ್ತದೆ. ತಟ್ಟೆಯ ಮೊಳಕೆಗೆ ದೊರೆಯದಿರುವುದು ಈ ಎರಡನೆಯ ಭಾಗ. ಕಾವಲುಗಳ ವಿಸ್ತೀರ್ಣ ಕುಗ್ಗುತ್ತ ಬಂದಿರುವುದರ ನಷ್ಟವನ್ನು ಅಟ್ಟಣಿಗೆಯ ತಟ್ಟೆಗಳಿಂದ ತುಂಬಿಕೊಳ್ಳಲಾಗದು.

ಮನೆಯಲ್ಲಿಯೇ ತೂಗಿ ನೋಡುವ ಕ್ರಮ

ತಟ್ಟೆಯ ವ್ಯವಸ್ಥೆಗೆ ಹಣ ಹಾಕುವ ಮುನ್ನ ಯಾರೂ ತಾವೇ ಪರೀಕ್ಷಿಸಬಹುದು. ಪ್ರೌಢಶಾಲೆಯ ಪ್ರಯೋಗಕ್ಕೂ ಇದು ಒಪ್ಪುತ್ತದೆ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಒಂದೇ ಚೀಲದ ಬೀಜದಿಂದ ನೂರು ನೂರು ಗ್ರಾಂನ ಮೂರು ಪಾಲು ಮಾಡಬೇಕು. ಮೊದಲನೆಯದನ್ನು ನೆನೆಸದೆ ಹಾಗೆಯೇ ಒಣಗಿಸಿ ತೂಗಬೇಕು. ಈ ಹಂತವನ್ನು ಬಿಟ್ಟರೆ ಹೋಲಿಸಲು ಆಧಾರವೇ ಇರುವುದಿಲ್ಲ, ಏಕೆಂದರೆ ಅಂಗಡಿಯ ಕಾಳಿನಲ್ಲಿಯೂ ಶೇ 10ರಿಂದ 12ರಷ್ಟು ನೀರಿರುತ್ತದೆ. ಎರಡನೆಯದನ್ನು ಕಪ್ಪು ಬಟ್ಟೆ ಮುಚ್ಚಿದ ತಟ್ಟೆಯಲ್ಲಿ, ಮೂರನೆಯದನ್ನು ತೆರೆದ ಜಗಲಿಯಲ್ಲಿ ಬೆಳೆಸಬೇಕು. ನೀರು, ತಟ್ಟೆಯ ಅಳತೆ, ಬೀಜದ ದಟ್ಟಣೆ ಎರಡಕ್ಕೂ ಒಂದೇ ಆಗಿರಬೇಕು. ಎಂಟನೆಯ ದಿನ ಬೇರು, ಸಿಪ್ಪೆ, ಮೊಳೆಯದ ಕಾಳು ಏನನ್ನೂ ಬಿಡದೆ ತೂಗಿ, ಹಸಿತೂಕ ಬರೆದಿಟ್ಟುಕೊಂಡು, ತೆಳುವಾಗಿ ಹರಡಿ ಕಡುಬಿಸಿಲಿನಲ್ಲಿ ಒಣಗಿಸಬೇಕು. ಎರಡು ದಿನ ಸತತವಾಗಿ ತೂಗಿದಾಗ ಅಂಕಿ ಬದಲಾಗದಿದ್ದರೆ ಒಣಗಿದೆ ಎಂದು ತಿಳಿಯಬಹುದು. ಪ್ರಯೋಗಾಲಯದ ಒಲೆಯಲ್ಲಾದರೆ 105 ಡಿಗ್ರಿಯಲ್ಲಿ ಒಂದು ದಿನ. ಬಿಸಿಲಿನಲ್ಲಿ ಒಣಗಿಸಿದ್ದರಲ್ಲಿ ಸ್ವಲ್ಪ ತೇವ ಉಳಿದೇ ಇರುತ್ತದೆ. ಆದ್ದರಿಂದ ಮೂರೂ ಪಾಲುಗಳನ್ನು ಒಂದೇ ರೀತಿಯಲ್ಲಿ ಒಣಗಿಸುವುದು ಕಡ್ಡಾಯ. ಬೆಳಕಿನ ಮತ್ತು ಕತ್ತಲೆಯ ತಟ್ಟೆಗಳನ್ನು ಜೋಡಿಯಾಗಿ ಹೆಚ್ಚು ಇಟ್ಟು, ಹದಿನೈದನೆಯ ದಿನದವರೆಗೆ ಎರಡೆರಡು ದಿನಕ್ಕೊಮ್ಮೆ ಒಂದೊಂದು ಜೋಡಿಯನ್ನು ಒಣಗಿಸಿ ತೂಗಿದರೆ, ಎರಡರ ಒಣತೂಕವೂ ಮೊದಲು ಜೊತೆಯಾಗಿ ಇಳಿಯುವುದೂ, ಬಳಿಕ ಬೆಳಕಿನದು ಕತ್ತಲೆಯದರಿಂದ ಬೇರೆಯಾಗಿ ಮೇಲೇಳುವುದೂ ಅಂಕಿಗಳಲ್ಲಿಯೇ ಕಾಣುತ್ತದೆ.